ಗಾಲಿಯೊಳಗಿನ ಗಾಳಿ: ಸಾರಜನಕವನ್ನು ಮನೆಗೆ ತರಬೇಕೆ?

ಕಲ್ಪತರು ನಾಡೆಂದು ಹೆಸರಾದ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಹಿರಿಯರು ಗಾಡಿ ಹೂಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಾಕದೆ ದಾರಿಗಿಳಿಯುತ್ತಿರಲಿಲ್ಲ. ಕೊಬ್ಬರಿ ಚೀಲ ಹೇರಿಕೊಂಡು ತಿಪಟೂರಿನ ಮಾರುಕಟ್ಟೆಗೆ ಹೊರಟರೂ ಸರಿಯೆ, ಮಕ್ಕಳು ಮರಿಗಳನ್ನು ಕೂರಿಸಿಕೊಂಡು ಎಡೆಯೂರಿನ ಜಾತ್ರೆಗೆ ಹೊರಟರೂ ಸರಿಯೆ, ಮೊದಲು ಗಾಲಿಯ ಕಡೆಗೆ ಕಣ್ಣು ಹಾಯಿಸುವುದು ಅವರ ರೂಢಿಯಾಗಿತ್ತು. ಇಂದು ಅದೇ ಮನೆತನಗಳ ಅಂಗಳದಲ್ಲಿ ಕಾರು ನಿಂತಿದೆ. ದಾರಿ ಡಾಂಬರಾಗಿದೆ, ವೇಗ ಹತ್ತು ಪಟ್ಟಾಗಿದೆ. ಆದರೆ ಗಾಲಿಯನ್ನು ನೋಡುವ ಆ ಹಳೆಯ ರೂಢಿ ಮಾತ್ರ ಎತ್ತಿನ ಗಾಡಿಯೊಂದಿಗೇ ಹಿಂದೆ ಉಳಿದುಬಿಟ್ಟಿತೇನೋ ಎಂಬ ಸಂದೇಹ ನಮ್ಮನ್ನು ಕಾಡುತ್ತಿದೆ.

ಈಚಿನ ವರ್ಷಗಳಲ್ಲಿ ಕಾರುಳ್ಳ ಮನೆಗಳಲ್ಲಿ ಒಂದು ಮಾತು ಬಳಕೆಗೆ ಬಂದಿದೆ. ‘ಸಾಮಾನ್ಯ ಗಾಳಿ ಬೇಡ, ನೈಟ್ರೋಜನ್ ಹಾಕಿಸಿ’ ಎಂಬುದೇ ಆ ಮಾತು. ನೈಟ್ರೋಜನ್ ಎಂದರೆ ನಾವು ಶಾಲೆಯಲ್ಲಿ ಓದಿದ ಸಾರಜನಕ. ಪೆಟ್ರೋಲ್ ಬಂಕುಗಳಲ್ಲಿಯೂ ಟೈರಿನ ಅಂಗಡಿಗಳಲ್ಲಿಯೂ ಇದನ್ನು ಒಂದು ಗಾಲಿಗೆ ಇಷ್ಟೆಂದು ಹಣ ಪಡೆದು ತುಂಬಿ, ಗುರುತಿಗಾಗಿ ಹಸಿರು ಮುಚ್ಚಳ ತಿರುಗಿಸಿ ಕಳುಹಿಸುತ್ತಾರೆ. ಇನ್ನು ಕೆಲವು ಉತ್ಸಾಹಿ ಯುವಕರು ಒಂದು ಹೆಜ್ಜೆ ಮುಂದೆ ಹೋಗಿ, ‘ಮನೆಗೇ ಒಂದು ಸಿಲಿಂಡರ್ ತಂದಿಟ್ಟುಕೊಂಡರೆ ಹೇಗೆ?’ ಎಂದು ಯೋಚಿಸುತ್ತಿದ್ದಾರೆ. ಈ ಯೋಚನೆ ನಮ್ಮ ಮನೆಯಲ್ಲಿಯೇ ಹುಟ್ಟಿತ್ತು. ಅದಕ್ಕೆ ಕಾರಣವಾದ ಸಂಗತಿಯನ್ನು ಓದುಗರ ಮುಂದಿಡುವುದು ಉಪಯುಕ್ತವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ದಾರಿಯಲ್ಲಿ ಕಲಿತ ಪಾಠ

ಕಳೆದ ಮದುವೆಯ ಹಂಗಾಮಿನಲ್ಲಿ ನಾವು ಮನೆಮಂದಿಯೆಲ್ಲ ಕಾರಿನಲ್ಲಿ ತುಮಕೂರಿನ ಕಡೆಗೆ ಹೊರಟಿದ್ದೆವು. ತಮ್ಮನ ಮಗ ಕಾರು ನಡೆಸುತ್ತಿದ್ದ. ವಯಸ್ಸಾದ ತಾಯಿಯವರು, ಹೆಣ್ಣುಮಕ್ಕಳು, ತೊಡೆಯ ಮೇಲೊಂದು ಕೂಸು, ಹಿಂದುಗಡೆ ಬಟ್ಟೆಯ ಗಂಟು ಮತ್ತು ಎಳನೀರಿನ ಗೊನೆ. ಹೀಗೆ ಕಾರು ತುಂಬಿ ತುಳುಕುತ್ತಿತ್ತು. ಗುಬ್ಬಿಯನ್ನು ದಾಟಿದ ಮೇಲೆ ಬಿ.ಎಚ್. ರಸ್ತೆಯಲ್ಲಿ ಇದ್ದಕ್ಕಿದ್ದಂತೆ ಗುಂಡು ಹಾರಿದಂಥ ಸದ್ದಾಯಿತು. ಹಿಂದಿನ ಎಡ ಗಾಲಿ ಒಡೆದು ಕಾರು ಒಂದು ಪಕ್ಕಕ್ಕೆ ಎಳೆದುಕೊಂಡು ಹೋಗಿ ರಸ್ತೆಯ ಅಂಚಿನ ಮಣ್ಣಿನಲ್ಲಿ ನಿಂತಿತು. ಆ ಕ್ಷಣದಲ್ಲಿ ಹಿಂದೆ ಲಾರಿಯಾಗಲಿ ಬಸ್ಸಾಗಲಿ ಇರಲಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ. ತಾಯಿಯವರು ಬಹಳ ಹೊತ್ತು ಮಾತನಾಡಲಿಲ್ಲ, ಕೂಸನ್ನು ಎದೆಗವಚಿಕೊಂಡು ಸುಮ್ಮನೆ ಕುಳಿತಿದ್ದರು.

ಹುಡುಗನ ಬಾಯಿಂದ ಬಂದ ಮೊದಲ ಮಾತು, ‘ನೈಟ್ರೋಜನ್ ಹಾಕಿಸಿದ್ದೆನಲ್ಲ ದೊಡ್ಡಪ್ಪ, ಒಡೀಬಾರದಿತ್ತು!’ ಎಂಬುದು. ಗಾಳಿ ತುಂಬಿಸಿದ ಕಡೆಯಲ್ಲಿ, ‘ಇನ್ನು ಆರು ತಿಂಗಳು ನೀವು ನೋಡೋ ಹಂಗೇ ಇಲ್ಲ’ ಎಂದಿದ್ದರಂತೆ. ಆ ಮಾತನ್ನು ನಂಬಿ ಐದು ತಿಂಗಳಿಂದ ಯಾರೂ ಗಾಲಿಯ ಕಡೆಗೆ ನೋಡಿರಲಿಲ್ಲ.

ಪಂಕ್ಚರ್ ಅಂಗಡಿಯ ಹಿರಿಯರೊಬ್ಬರು ಟೈರನ್ನು ಬಿಚ್ಚಿ ತೋರಿಸಿದರು. ಒಳಗೆ ಕಾಡಿಗೆಯಂಥ ಕಪ್ಪು ಪುಡಿ ಉದುರಿತ್ತು. ತುಳಿಯುವ ಭಾಗದಲ್ಲಿ ಸಣ್ಣದೊಂದು ಮೊಳೆ ಚುಚ್ಚಿಕೊಂಡಿತ್ತು. ಅವರು ಹೇಳಿದ ಮಾತು ಇದು: ‘ಸ್ವಾಮಿ, ಇದು ಇವತ್ತು ಒಡೆದಿದ್ದಲ್ಲ. ಎಷ್ಟೋ ದಿನದಿಂದ ಗಾಳಿ ಕಮ್ಮಿಯಾಗಿ, ಪಕ್ಕ ಮಡಚಿ ಮಡಚಿ ಒಳಗೇ ಅರೆದುಹೋಗಿದೆ. ಒಳಗಿರೋದು ಯಾವ ಗಾಳಿ ಅಂತ ನೋಡಿದಿರಿ, ಎಷ್ಟು ಗಾಳಿ ಅಂತ ನೋಡಲಿಲ್ಲ.’

ಈ ಲೇಖನದಲ್ಲಿ ನಾವು ಹೇಳಬೇಕಾದುದೆಲ್ಲವೂ ಆ ಒಂದು ಮಾತಿನಲ್ಲಿ ಅಡಗಿದೆ.

ಸಾರಜನಕದ ಗುಣವೇನು?

ಸಾರಜನಕವೆಂಬುದು ಹೊರಗಿನಿಂದ ಬಂದ ಅಪೂರ್ವ ವಸ್ತುವಲ್ಲ. ನಾವು ಉಸಿರಾಡುವ ಗಾಳಿಯ ನೂರು ಪಾಲಿನಲ್ಲಿ ೭೮ ಪಾಲು ಸಾರಜನಕವೇ ಆಗಿದೆ. ಸುಮಾರು ೨೧ ಪಾಲು ಆಮ್ಲಜನಕ. ಉಳಿದ ಒಂದು ಪಾಲಿನಲ್ಲಿ ಇತರ ಅನಿಲಗಳಿವೆ. ಟೈರಿನ ಅಂಗಡಿಯ ಯಂತ್ರವೂ ಸಾಮಾನ್ಯವಾಗಿ ಇದೇ ಗಾಳಿಯನ್ನು ಎಳೆದುಕೊಂಡು, ಸೋಸಿ, ಆಮ್ಲಜನಕವನ್ನೂ ನೀರಿನ ಪಸೆಯನ್ನೂ ಬೇರ್ಪಡಿಸಿ, ಸಾರಜನಕವನ್ನು ಕೊಡುತ್ತದೆ. ಅಂದಮೇಲೆ ಉಚಿತವಾಗಿ ದೊರೆಯುವ ಸಾಮಾನ್ಯ ಗಾಳಿಯಲ್ಲಿಯೂ ಮುಕ್ಕಾಲು ಪಾಲಿಗಿಂತ ಹೆಚ್ಚು ಸಾರಜನಕವೇ ಇದೆಯೆಂಬುದನ್ನು ಮರೆಯಬಾರದು.

ಹಾಗಾದರೆ ಇದರಿಂದ ಲಾಭವೇ ಇಲ್ಲವೆ? ಇದೆ. ರಬ್ಬರು ನಮ್ಮ ಕಣ್ಣಿಗೆ ಗಟ್ಟಿಯಾಗಿ ಕಂಡರೂ ಅನಿಲವು ಅದರ ಮೂಲಕ ನಿಧಾನವಾಗಿ ಹೊರಗೆ ನುಸುಳುತ್ತಲೇ ಇರುತ್ತದೆ. ನಮ್ಮ ಸೀಮೆಯ ಜನರಿಗೆ ಇದನ್ನು ಅರ್ಥಮಾಡಿಸುವುದು ಕಷ್ಟವಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ತೆಂಗಿನಕಾಯಿಗೆ ಎಲ್ಲಿಯೂ ತೂತಿಲ್ಲ. ಆದರೂ ಒಳಗಿನ ನೀರು ಇಂಗಿ, ಕಾಯಿ ಉಂಡೆ ಕೊಬ್ಬರಿಯಾಗಿ ಅಲ್ಲಾಡತೊಡಗುತ್ತದೆ. ಟೈರಿನೊಳಗಿನ ಗಾಳಿಯೂ ಹಾಗೆಯೇ ಕಾಣದಂತೆ ಕಡಿಮೆಯಾಗುತ್ತದೆ. ಆಮ್ಲಜನಕವು ರಬ್ಬರಿನ ಮೂಲಕ ಸಾರಜನಕಕ್ಕಿಂತ ಎರಡು ಮೂರು ಪಟ್ಟು ಬೇಗ ನುಸುಳುವುದರಿಂದ ಸಾರಜನಕ ತುಂಬಿದ ಗಾಲಿಯಲ್ಲಿ ಒತ್ತಡ ಸ್ವಲ್ಪ ಹೆಚ್ಚು ದಿನ ನಿಲ್ಲುತ್ತದೆ. ನೀರಿನ ಪಸೆ ಇಲ್ಲದಿರುವುದರಿಂದ ಉಕ್ಕಿನ ರಿಮ್ಮಿಗೆ ತುಕ್ಕು ಹಿಡಿಯುವುದೂ ಕಡಿಮೆ.

ಈ ‘ಸ್ವಲ್ಪ’ ಎಂಬುದು ಎಷ್ಟು? ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಎಂಬ ಬಳಕೆದಾರರ ಪತ್ರಿಕೆಯವರು ೨೦೦೬–೦೭ರಲ್ಲಿ ೩೧ ಬಗೆಯ ಟೈರುಗಳನ್ನು ಜೋಡಿಯಾಗಿ ಆಯ್ದು, ಒಂದಕ್ಕೆ ಸಾಮಾನ್ಯ ಗಾಳಿಯನ್ನೂ ಇನ್ನೊಂದಕ್ಕೆ ಸಾರಜನಕವನ್ನೂ ೩೦ ಪೌಂಡಿನಷ್ಟು ತುಂಬಿ, ಒಂದು ವರ್ಷ ಬಿಟ್ಟು ಅಳೆದು ನೋಡಿದರು. ಗಾಳಿ ತುಂಬಿದವು ಸರಾಸರಿ ೩.೫ ಪೌಂಡು ಕಳೆದುಕೊಂಡಿದ್ದವು. ಸಾರಜನಕ ತುಂಬಿದವು ೨.೨ ಪೌಂಡು ಕಳೆದುಕೊಂಡಿದ್ದವು. ವರ್ಷಕ್ಕೆ ಒಂದೂಕಾಲು ಪೌಂಡಿನ ಆಸುಪಾಸು ವ್ಯತ್ಯಾಸ! ಇಲ್ಲಿ ಪೌಂಡು ಎಂದರೆ ಗಾಳಿಯ ಅಳತೆಮಾಪಕದಲ್ಲಿ ಪಿ.ಎಸ್.ಐ. ಎಂದು ತೋರಿಸುವ ಅಳತೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿ ನಿವಾರಿಸಬೇಕು. ‘ಸಾರಜನಕ ಬಿಸಿಯಾಗುವುದಿಲ್ಲ, ಹಿಗ್ಗುವುದಿಲ್ಲ’ ಎಂದು ಹೇಳುವವರಿದ್ದಾರೆ. ಇದು ಸರಿಯಲ್ಲ. ಒಣ ಗಾಳಿಯಾಗಲಿ ಸಾರಜನಕವಾಗಲಿ, ಬಿಸಿಯಾದಾಗ ಒತ್ತಡ ಏರುವ ನಿಯಮ ಒಂದೇ. ಮುಂಜಾನೆ ೨೦ ಡಿಗ್ರಿ ಉಷ್ಣತೆಯಲ್ಲಿ ೩೨ ಪೌಂಡು ಇದ್ದ ಗಾಲಿಯು ಓಟದಲ್ಲಿ ೫೦ ಡಿಗ್ರಿಗೆ ಬಿಸಿಯಾದರೆ, ಒಳಗಿರುವುದು ಎರಡರಲ್ಲಿ ಯಾವುದಾದರೂ ಮಾಪಕವು ೩೭ರ ಹತ್ತಿರ ತೋರಿಸುತ್ತದೆ. ಹತ್ತು ಡಿಗ್ರಿಯ ಏರಿಳಿತಕ್ಕೆ ಒಂದೂವರೆ ಪೌಂಡು ವ್ಯತ್ಯಾಸವಾಗುತ್ತದೆ. ಅಂದರೆ ಸಾರಜನಕದಿಂದ ವರ್ಷಕ್ಕೆ ಆಗುವ ಉಳಿತಾಯಕ್ಕಿಂತ ನಮ್ಮ ಮಾಗಿಯ ಒಂದು ಬೆಳಗಿನ ಚಳಿ ಮಾಡುವ ವ್ಯತ್ಯಾಸವೇ ದೊಡ್ಡದು.

ವಿಮಾನದ ಗಾಲಿಯ ಮಾತು

‘ವಿಮಾನಗಳಿಗೆ ಸಾರಜನಕವನ್ನೇ ತುಂಬುತ್ತಾರಲ್ಲ?’ ಎಂದು ಕೇಳಬಹುದು. ನಿಜ. ೧೯೮೬ರ ಮಾರ್ಚ್ ೩೧ರಂದು ಮೆಕ್ಸಿಕಾನಾ ಸಂಸ್ಥೆಯ ೯೪೦ನೆಯ ಸಂಖ್ಯೆಯ ವಿಮಾನವು ಮೆಕ್ಸಿಕೋ ನಗರದಿಂದ ಮೇಲೇರಿದ ಕೆಲವೇ ನಿಮಿಷಗಳಲ್ಲಿ ಬ್ರೇಕು ವಿಪರೀತ ಕಾದು, ಚಕ್ರದ ಟೈರು ಸ್ಫೋಟಿಸಿ, ವಿಮಾನ ಬಿದ್ದು ೧೬೭ ಜನ ಅಸುನೀಗಿದರು. ಆ ಟೈರಿಗೆ ಸಾರಜನಕದ ಬದಲು ಸಾಮಾನ್ಯ ಗಾಳಿಯನ್ನು ತುಂಬಿದ್ದುದು ಬಳಿಕ ತಿಳಿಯಿತು. ವಿಪರೀತ ಕಾವಿನಲ್ಲಿ ರಬ್ಬರಿನಿಂದ ಹೊರಡುವ ಆವಿಯು ಆಮ್ಲಜನಕದೊಡನೆ ಸೇರಿ ಹೊತ್ತಿಕೊಳ್ಳಬಲ್ಲುದು. ಆದ್ದರಿಂದಲೇ ೧೯೮೭ರಲ್ಲಿ ಅಮೆರಿಕದ ವಿಮಾನಯಾನ ಆಡಳಿತವು ದೊಡ್ಡ ವಿಮಾನಗಳ ಬ್ರೇಕುಳ್ಳ ಚಕ್ರಗಳಲ್ಲಿ ಆಮ್ಲಜನಕವು ನೂರಕ್ಕೆ ಐದು ಪಾಲನ್ನು ಮೀರಬಾರದೆಂದು ಆಜ್ಞೆ ಹೊರಡಿಸಿತು.

ಆದರೆ ನೂರಾರು ಟನ್ ಭಾರವನ್ನು ಹೊತ್ತು ನೆಲಕ್ಕಿಳಿದು ಕ್ಷಣದಲ್ಲಿ ಕೆಂಡವಾಗುವ ವಿಮಾನದ ಚಕ್ರಕ್ಕೂ, ತಿಪಟೂರಿನಿಂದ ಕೆ.ಬಿ. ಕ್ರಾಸ್ ಮೂಲಕ ತುರುವೇಕೆರೆಗೆ ಹೋಗಿಬರುವ ಕಾರಿನ ಗಾಲಿಗೂ ಹೋಲಿಕೆ ಎಲ್ಲಿಯದು? ಕೇಂದ್ರ ರಸ್ತೆ ಸಾರಿಗೆ ಸಚಿವರಾದ ನಿತಿನ್ ಗಡ್ಕರಿಯವರು ೨೦೧೯ರ ಜುಲೈ ತಿಂಗಳಲ್ಲಿ ರಾಜ್ಯಸಭೆಯಲ್ಲಿ ಮಾತನಾಡುತ್ತ, ಟೈರುಗಳಲ್ಲಿ ಸಾರಜನಕವನ್ನು ಕಡ್ಡಾಯಗೊಳಿಸುವ ಯೋಚನೆಯಿದೆಯೆಂದು ಹೇಳಿದ್ದುಂಟು. ವೇಗದ ಹೆದ್ದಾರಿಗಳಲ್ಲಿ ಟೈರು ಒಡೆದು ಆಗುವ ಸಾವುನೋವು ಅಂಥ ಚಿಂತನೆಗೆ ಕಾರಣವಾಗಿತ್ತು. ಚಿಂತನೆಯ ಹಿಂದಿನ ಕಳಕಳಿ ಸರಿಯಾದುದೇ. ಆದರೆ ಕಾರಿನ ಟೈರು ಒಡೆಯಲು ಮುಖ್ಯ ಕಾರಣಗಳು ಬೇರೆ. ಒತ್ತಡ ಕಡಿಮೆಯಾಗಿ ಟೈರಿನ ಪಕ್ಕಗಳು ಮಡಚಿ ಕಾಯುವುದು, ಹೊರೆ ಮಿತಿಮೀರುವುದು, ಟೈರು ಹಳತಾಗಿ ಸವೆದಿರುವುದು, ಗುಂಡಿಗೆ ಬಿದ್ದು ಒಳಗಿನ ನೂಲು ಹರಿದಿರುವುದು. ಇವುಗಳಲ್ಲಿ ಯಾವುದನ್ನೂ ಹಸಿರು ಮುಚ್ಚಳ ತಡೆಯಲಾರದು. ಮೊಳೆ ಚುಚ್ಚಿದ ತೂತಿಗೆ ಸಾರಜನಕವೂ ಒಂದೇ, ಗಾಳಿಯೂ ಒಂದೇ.

ಮನೆಯಲ್ಲಿ ತುಂಬಿಸುವ ಯೋಚನೆ

ಮದುವೆಯಿಂದ ಹಿಂದಿರುಗಿದ ಮೇಲೆ ನಮ್ಮ ಹುಡುಗ, ‘ಸಿಲಿಂಡರ್ ಒಂದನ್ನು ಬಾಡಿಗೆಗೆ ತಂದು ಕೊಬ್ಬರಿ ಕೋಣೆಯಲ್ಲಿ ಇಟ್ಟರೆ ಬೇಕಾದಾಗ ತುಂಬಿಕೊಳ್ಳಬಹುದು’ ಎಂದ. ತಾಯಿಯವರು ಕೇಳಿದ ಪ್ರಶ್ನೆ ಒಂದೇ: ‘ಅಲ್ಲಿ ಮಕ್ಕಳು ಕಣ್ಣಾಮುಚ್ಚಾಲೆ ಆಡ್ತಾವಲ್ಲಪ್ಪ, ಅದು ಏನೂ ಮಾಡಲ್ವಾ?’ ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನಮಗೆ ತಿಳಿದುಬಂದ ಸಂಗತಿಗಳು ಇವು.

ಮೊದಲನೆಯದು, ಅಗತ್ಯದ ಮಾತು. ಸಾಧಾರಣ ಕಾರಿನ ಒಂದು ಗಾಲಿಯಲ್ಲಿ ಸುಮಾರು ೩೦ ಲೀಟರ್ ಜಾಗವಿದೆಯೆಂದು ಇಟ್ಟುಕೊಂಡರೆ, ೩೨ ಪೌಂಡು ತುಂಬಲು ೬೫ ಲೀಟರಿನಷ್ಟು ಅನಿಲ ಸಾಕು. ಏಳು ಘನಮೀಟರ್ ಹಿಡಿಸುವ ಕೈಗಾರಿಕಾ ಸಿಲಿಂಡರಿನಲ್ಲಿ ಇಪ್ಪತ್ತೈದು ಕಾರುಗಳಿಗೆ ಆಗುವಷ್ಟು ಅನಿಲವಿರುತ್ತದೆ. ಒಂದು ಮನೆಗೆ ಅದರ ಅವಶ್ಯಕತೆಯೇ ಇಲ್ಲ.

ಎರಡನೆಯದು, ಶುದ್ಧತೆಯ ಮಾತು. ಗಾಳಿ ಬಿಟ್ಟು ಚಪ್ಪಟೆಯಾದ ಟೈರು ಖಾಲಿಯೆಂದು ನಾವು ತಿಳಿಯುತ್ತೇವೆ. ಆದರೆ ರಿಮ್ಮಿನ ಮೇಲೆ ಕುಳಿತ ಟೈರಿನೊಳಗೆ ಹೊರಗಿನಷ್ಟೇ ಒತ್ತಡದ ಗಾಳಿ ಉಳಿದೇ ಇರುತ್ತದೆ. ಅದರ ಮೇಲೆ ಶುದ್ಧ ಸಾರಜನಕವನ್ನು ೩೨ ಪೌಂಡಿಗೆ ತುಂಬಿದರೂ ಒಟ್ಟು ಸಾರಜನಕ ನೂರಕ್ಕೆ ೯೩ರ ಆಸುಪಾಸು ಮಾತ್ರ. ಅದನ್ನು ಪೂರಾ ಬಿಟ್ಟು ಮತ್ತೊಮ್ಮೆ ತುಂಬಿದರೆ ೯೮ರ ಹತ್ತಿರ ಬರುತ್ತದೆ. ನಾಲ್ಕು ಗಾಲಿಗೂ ಇಷ್ಟೆಲ್ಲ ಮಾಡಬೇಕು. ಅದಾದ ಮೇಲೂ ದೊರೆಯುವ ಲಾಭ ವರ್ಷಕ್ಕೆ ಒಂದೂಕಾಲು ಪೌಂಡು.

ಮೂರನೆಯದು ಮತ್ತು ಮುಖ್ಯವಾದುದು, ಅಪಾಯದ ಮಾತು. ತುಂಬಿದ ಸಿಲಿಂಡರಿನೊಳಗೆ ಒಂದು ಚದರ ಸೆಂಟಿಮೀಟರಿಗೆ ೧೫೦ ಕಿಲೋಗ್ರಾಂನಷ್ಟು ಒತ್ತಡವಿರುತ್ತದೆ. ಇದು ಎರಡು ಸಾವಿರ ಪೌಂಡಿಗೂ ಮಿಗಿಲು, ಕಾರಿನ ಗಾಲಿಯ ಒತ್ತಡದ ಅರವತ್ತು ಪಟ್ಟಿಗೂ ಹೆಚ್ಚು. ಒತ್ತಡವನ್ನು ಇಳಿಸುವ ರೆಗ್ಯುಲೇಟರ್ ಇಲ್ಲದೆ ನೇರವಾಗಿ ಟೈರಿಗೆ ಜೋಡಿಸಿದರೆ ಟೈರು ಬಾಂಬಿನಂತೆ ಸಿಡಿಯುತ್ತದೆ. ಸಿಲಿಂಡರ್ ಉರುಳಿ ಬಿದ್ದು ಕತ್ತಿನ ವಾಲ್ವು ಮುರಿದರೆ ಅದು ಗೋಡೆಯನ್ನೂ ಲೆಕ್ಕಿಸದೆ ನುಗ್ಗುತ್ತದೆ. ಇಂಥ ಸಿಲಿಂಡರುಗಳ ತಯಾರಿಕೆ, ಸಾಗಣೆ, ದಾಸ್ತಾನುಗಳಿಗೆಂದೇ ಸರ್ಕಾರವು ೨೦೧೬ರಲ್ಲಿ ಅನಿಲ ಸಿಲಿಂಡರುಗಳ ನಿಯಮಾವಳಿಯನ್ನು ಹೊರಡಿಸಿರುವುದು ಸುಮ್ಮನೆ ಅಲ್ಲ.

ಇದಕ್ಕಿಂತಲೂ ಮೋಸದ ಅಪಾಯ ಇನ್ನೊಂದಿದೆ. ಸಾರಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಕಣ್ಣುರಿಸುವುದೂ ಇಲ್ಲ. ಎಂಟಡಿ ಉದ್ದ, ಆರಡಿ ಅಗಲ, ಎಂಟಡಿ ಎತ್ತರದ ಮುಚ್ಚಿದ ಕೋಣೆಯಲ್ಲಿ ಅಂಥ ಒಂದು ಸಿಲಿಂಡರ್ ಪೂರ್ತಿ ಸೋರಿದರೆ ಅಲ್ಲಿಯ ಆಮ್ಲಜನಕವು ೨೧ ಪಾಲಿನಿಂದ ೧೧ ಪಾಲಿನ ಆಸುಪಾಸಿಗೆ ಇಳಿಯಬಲ್ಲುದು. ಒಳಗೆ ಹೋದವರಿಗೆ ಉಸಿರು ಕಟ್ಟಿದಂತೆಯೂ ಅನಿಸದೆ ತಲೆ ತಿರುಗಿ ಪ್ರಜ್ಞೆ ತಪ್ಪಬಹುದು. ಹಿಂದೆ ಧಾನ್ಯದ ಹಗೇವಿಗೆ ಇಳಿಯುವ ಮುನ್ನ ಹಿರಿಯರು ದೀಪವನ್ನು ಇಳಿಬಿಟ್ಟು ನೋಡುತ್ತಿದ್ದುದು ಇಂಥ ಕಾಣದ ಸಾವಿಗೆ ಹೆದರಿಯೇ. ಹಗೇವಿನ ಬಾಯಿ ಮುಚ್ಚಿದ ನಾವು ಅದೇ ಅಪಾಯವನ್ನು ಕೊಬ್ಬರಿ ಕೋಣೆಗೆ ತಂದಿಡುವುದು ವಿವೇಕವೆ?

ಹಸು ಸಾಕಿದ ಮನೆಗಳಿಗೆ ಒಂದು ಎಚ್ಚರಿಕೆ. ಪಶುವೈದ್ಯರು ಕೃತಕ ಗರ್ಭಧಾರಣೆಯ ವೀರ್ಯನಳಿಕೆಗಳನ್ನು ಇಡುವ ಜಾಡಿಯಲ್ಲಿರುವುದೂ ಸಾರಜನಕವೇ. ಆದರೆ ಅದು ಸೊನ್ನೆಗಿಂತ ೧೯೬ ಡಿಗ್ರಿ ಕೆಳಗಿನ ತಣ್ಣನೆಯ ದ್ರವ. ಅದನ್ನು ಟೈರಿಗೆ ಬಳಸುವ ಮಾತನ್ನು ಹುಡುಗರು ತಮಾಷೆಗೂ ಆಡಬಾರದು. ಚರ್ಮಕ್ಕೆ ತಗುಲಿದರೆ ಸುಟ್ಟಂತಾಗುತ್ತದೆ, ರಬ್ಬರು ಗಾಜಿನಂತೆ ಪೆಡಸಾಗಿ ಬಿರಿಯುತ್ತದೆ. ಒಂದು ಲೀಟರ್ ದ್ರವ ಬೆಚ್ಚಗಾದರೆ ೭೦೦ ಲೀಟರಿನಷ್ಟು ಅನಿಲವಾಗುತ್ತದೆ. ಮುಚ್ಚಿದ ಟೈರಿನೊಳಗೆ ಅದರ ಪರಿಣಾಮವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮನೆಯಲ್ಲಿ ಮಾಡಬೇಕಾದುದೇನು?

ಸಿಲಿಂಡರಿನ ಬದಲು ನಮ್ಮ ಮನೆಗೆ ಬಂದದ್ದು ಅಂಗೈಯಲ್ಲಿ ಹಿಡಿಸುವ ಒಂದು ಒತ್ತಡ ಮಾಪಕ ಮತ್ತು ಕಾಲಿನಿಂದ ಒತ್ತುವ ಒಂದು ಪಂಪು. ಕಾರಿನ ಬ್ಯಾಟರಿಯಿಂದ ನಡೆಯುವ ಸಣ್ಣ ಗಾಳಿಯಂತ್ರವೂ ದೊರೆಯುತ್ತದೆ. ಅನುಕೂಲವುಳ್ಳವರು ಅದನ್ನು ಕೊಳ್ಳಬಹುದು. ಇವುಗಳಿಂದ ಮಾಡಬೇಕಾದ ಕೆಲಸ ಬಹಳ ಸರಳ.

ಗಾಲಿಯ ಒತ್ತಡವನ್ನು ತಿಂಗಳಿಗೊಮ್ಮೆಯಾದರೂ, ದೂರದ ಪ್ರಯಾಣಕ್ಕೆ ಮುನ್ನ ತಪ್ಪದೆಯೂ ನೋಡಬೇಕು. ಕಾರು ಮೂರು ಗಂಟೆಯಾದರೂ ನಿಂತು ಗಾಲಿ ತಣ್ಣಗಿರುವಾಗ ಅಳೆಯಬೇಕು. ಎಷ್ಟು ಪೌಂಡು ಇರಬೇಕೆಂಬುದನ್ನು ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಥವಾ ಪೆಟ್ರೋಲ್ ಮುಚ್ಚಳದ ಒಳಭಾಗದಲ್ಲಿ ಅಂಟಿಸಿದ ಚೀಟಿಯಲ್ಲಿ ಬರೆದಿರುತ್ತಾರೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಸಂಖ್ಯೆ ಗರಿಷ್ಠ ಮಿತಿ. ಅಷ್ಟು ತುಂಬಬೇಕೆಂದು ಅದರ ಅರ್ಥವಲ್ಲ. ಮದುವೆಗೋ ಜಾತ್ರೆಗೋ ಮನೆಮಂದಿಯೆಲ್ಲ ಹೊರಟಾಗ ತುಂಬಿದ ಹೊರೆಗೆ ಹೇಳಿದ ಅಳತೆಯನ್ನೇ ಪಾಲಿಸಬೇಕು. ಹಿಂದೆ ಮಲಗಿರುವ ಸ್ಟೆಪ್ನಿಯನ್ನೂ ಮರೆಯಬಾರದು.

ಟೈರಿನ ವಯಸ್ಸನ್ನೂ ನೋಡಿಕೊಳ್ಳಬೇಕು. ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. ೩೫೨೨ ಎಂದಿದ್ದರೆ ೨೦೨೨ನೆಯ ಇಸವಿಯ ೩೫ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಗೆರೆಗಳ ಆಳ ೧.೬ ಮಿಲಿಮೀಟರಿಗೆ ಇಳಿದಿದ್ದರೆ ಟೈರನ್ನು ಬದಲಿಸಲೇಬೇಕು. ಪಕ್ಕದಲ್ಲಿ ಬಿರುಕಾಗಲಿ ಉಬ್ಬಾಗಲಿ ಕಂಡರೆ ಗೆರೆ ಎಷ್ಟೇ ಇರಲಿ, ತಡಮಾಡಬಾರದು.

ಈಗಾಗಲೇ ಸಾರಜನಕ ತುಂಬಿಸಿದವರು ಚಿಂತಿಸಬೇಕಾಗಿಲ್ಲ. ಒತ್ತಡ ಕಡಿಮೆಯಾದಾಗ ಸಾಮಾನ್ಯ ಗಾಳಿಯನ್ನೇ ಸೇರಿಸಬಹುದು. ಎರಡೂ ಬೆರೆತರೆ ಯಾವ ಕೇಡೂ ಇಲ್ಲ. ಸಾರಜನಕ ಸಿಗುವ ಊರು ಬರಲಿ ಎಂದು ಕಡಿಮೆ ಗಾಳಿಯಲ್ಲಿ ಮೂವತ್ತು ಮೈಲಿ ಓಡಿಸುವುದೇ ನಿಜವಾದ ಕೇಡು.

ಓಟದಲ್ಲಿ ಗಾಲಿ ಒಡೆದರೆ ಗಾಬರಿಯಿಂದ ಬ್ರೇಕನ್ನು ಒಮ್ಮೆಲೇ ಒತ್ತಬಾರದು. ಸ್ಟಿಯರಿಂಗನ್ನು ಎರಡೂ ಕೈಗಳಿಂದ ಭದ್ರವಾಗಿ ನೇರ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲನೆ ತೆಗೆದು, ವೇಗ ತಾನಾಗಿ ಇಳಿದ ಮೇಲೆ ಎಡಕ್ಕೆ ಸರಿಸಿ ನಿಲ್ಲಿಸಬೇಕು. ಅಂದು ನಮ್ಮ ಹುಡುಗ ಬೇರೇನು ಮರೆತಿದ್ದರೂ ಇದನ್ನು ಮರೆತಿರಲಿಲ್ಲ. ನಾವು ಉಳಿದದ್ದು ಅದರಿಂದ.

ಅಮಾವಾಸ್ಯೆಯ ಬೆಳಗು

ನಮ್ಮ ಕಡೆ ಅನೇಕ ಮನೆಗಳಲ್ಲಿ ಅಮಾವಾಸ್ಯೆಯಂದು ವಾಹನವನ್ನು ತೊಳೆದು, ವಿಭೂತಿ ಹಚ್ಚಿ, ಹೂವೇರಿಸಿ, ಗಾಲಿಯಡಿಗೆ ನಿಂಬೆಹಣ್ಣಿಟ್ಟು ಪೂಜೆ ಮಾಡುವ ಪದ್ಧತಿಯಿದೆ. ತಿಂಗಳಿಗೊಮ್ಮೆ ತಪ್ಪದೆ ಬರುವ ದಿನವದು. ಬೆಳಗಿನ ಹೊತ್ತು, ಕಾರು ರಾತ್ರಿಯೆಲ್ಲ ನಿಂತಿರುತ್ತದೆ, ಗಾಲಿ ತಣ್ಣಗಿರುತ್ತದೆ. ಗಾಳಿಯನ್ನು ಅಳೆಯಲು ಇದಕ್ಕಿಂತ ಪ್ರಶಸ್ತವಾದ ಮುಹೂರ್ತ ಬೇರೆ ಬೇಕೆ? ಈಗ ನಮ್ಮ ಮನೆಯಲ್ಲಿ ನಿಂಬೆಹಣ್ಣಿಡುವ ಮೊದಲು ಐದೂ ಗಾಲಿಗಳ ಪೌಂಡನ್ನು ಅಳೆದು ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಬರೆಯುವ ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ಬರೆಯುವ ಕೆಲಸ ಮನೆಯ ಚಿಕ್ಕ ಮಗಳದು. ಒಂದು ಗಾಲಿ ಮಾತ್ರ ಉಳಿದವುಗಳಿಗಿಂತ ಹೆಚ್ಚು ಇಳಿದಿದ್ದರೆ ಎಲ್ಲೋ ಮೊಳೆಯಿದೆ, ಇಲ್ಲವೆ ವಾಲ್ವು ಸೋರುತ್ತಿದೆ ಎಂದು ಈಗ ಅವಳೇ ಹೇಳುತ್ತಾಳೆ. ಕಳೆದ ತಿಂಗಳು ಹಾಗೆಯೇ ಒಂದು ಮೊಳೆಯನ್ನು ಹಿಡಿದುಕೊಟ್ಟಳು. ತಾಯಿಯವರು ಅವಳ ಕೈಗೆ ಒಂದು ಹಿಡಿ ಕೊಬ್ಬರಿ ಸಕ್ಕರೆ ಹಾಕಿದರು.

ಸಾರಜನಕವನ್ನು ಹಾಕಿಸುವವರು ಹಾಕಿಸಲಿ, ಅದರಲ್ಲಿ ತಪ್ಪಿಲ್ಲ. ಆದರೆ ಹಣ ಕೊಟ್ಟು ತುಂಬಿಸಿದ ಮಾತ್ರಕ್ಕೆ ನೋಡುವ ಕೆಲಸ ತಪ್ಪುವುದಿಲ್ಲ. ಕೀಲೆಣ್ಣೆ ಹಾಕದೆ ಗಾಡಿ ಹೂಡದ ಹಿರಿಯರ ಮಕ್ಕಳು ನಾವು. ಮನೆಮಂದಿಯ ಪ್ರಾಣವನ್ನು ಹೊತ್ತು ಓಡುವ ನಾಲ್ಕು ಗಾಲಿಗಳಿಗೆ ತಿಂಗಳಿಗೆ ಹತ್ತು ನಿಮಿಷ ಕೊಡುವುದು ಯಾವ ಮನೆಗೂ ಭಾರವಾಗಲಾರದು. ಬರುವ ಅಮಾವಾಸ್ಯೆಯಿಂದಲೇ ಓದುಗ ಬಾಂಧವರು ಈ ರೂಢಿಯನ್ನು ತಮ್ಮ ಮನೆಗಳಲ್ಲಿ ಆರಂಭಿಸಲೆಂದು ವಿನಂತಿಸುತ್ತೇವೆ.